ತೋಟದ ಮಂಗ ಮತ್ತು ಪ್ರಯೋಗಾಲಯದ ಮಂಗ

ಸಭೆಯಲ್ಲಿರುವ ಹಿರಿಯರಿಗೂ ಬೆಳೆಗಾರ ಮಿತ್ರರಿಗೂ ವಿದ್ಯಾರ್ಥಿಗಳಿಗೂ ವಂದನೆಗಳು.

ಸಾಂಕ್ರಾಮಿಕ ರೋಗಗಳ ಸಂಶೋಧನೆಗಾಗಿ ಮಂಗಗಳನ್ನು ಸಾಕಿ ಮರಿ ಮಾಡಿಸುವ ಕೇಂದ್ರಗಳು ನಮ್ಮ ದೇಶದಲ್ಲಿ ಹೆಚ್ಚಬೇಕು ಎಂಬ ಮಾತನ್ನು ಕೊಡಗಿನಲ್ಲಿ ಎತ್ತಿದರೆ, ಮೊದಲು ಕೇಳಿಬರುವ ಪ್ರಶ್ನೆ ಒಂದೇ: ‘ನಮ್ಮ ತೋಟದ ಏಲಕ್ಕಿ, ಬಾಳೆ, ಕಾಫಿ ಹಣ್ಣು ಯಾವುದನ್ನೂ ಉಳಿಸದ ಮಂಗಗಳು ಇಷ್ಟಿರುವಾಗ ಹೊಸದಾಗಿ ಸಾಕುವುದೇಕೆ, ಇವನ್ನೇ ಹಿಡಿದುಕೊಂಡು ಹೋಗಬಾರದೇ?’ ಫಸಲು ಕಳೆದುಕೊಂಡವರ ಈ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಇದಕ್ಕೆ ಉತ್ತರ ಹೇಳುವುದೇ ಇಂದಿನ ನನ್ನ ಉಪನ್ಯಾಸ.

2020ರಲ್ಲಿ ನಮ್ಮ ದೇಶ ಮಾಡಿದ್ದು ಹೆಚ್ಚುಕಡಿಮೆ ಅದನ್ನೇ. ಕೋವ್ಯಾಕ್ಸಿನ್ ಲಸಿಕೆಯನ್ನು ರೀಸಸ್ ಎಂಬ ಜಾತಿಯ ಕೋತಿಗಳಲ್ಲಿ ಪರೀಕ್ಷಿಸಬೇಕಾಗಿತ್ತು. ಆದರೆ ಪ್ರಯೋಗಾಲಯಕ್ಕೆಂದೇ ಬೆಳೆಸಿದ ಕೋತಿಗಳು ಕೈಗೆ ಸಿಗದೆ, ಲಾಕ್‌ಡೌನ್ ನಡುವೆ ಮಹಾರಾಷ್ಟ್ರದ ಕಾಡಿನಲ್ಲಿ ಹುಡುಕಿ ಹಿಡಿದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ ತರಬೇಕಾಯಿತು. ಅಧ್ಯಯನಕ್ಕೆ ಬಳಸಿದ್ದು ಕೇವಲ 20 ಪ್ರಾಣಿಗಳನ್ನು. ಒಂದು ಕಾಲಕ್ಕೆ, ಪೋಲಿಯೋ ಲಸಿಕೆಯ ದಿನಗಳಲ್ಲಿ, ವರ್ಷಕ್ಕೆ ಲಕ್ಷಕ್ಕೂ ಮಿಕ್ಕಿ ಕೋತಿಗಳನ್ನು ಹೊರದೇಶಕ್ಕೆ ಕಳುಹಿಸಿದ್ದ ದೇಶ ನಮ್ಮದು. 1978ರಲ್ಲಿ ಆ ರಫ್ತು ನಿಂತಿತು, ಅದು ನಿಂತದ್ದು ಸರಿಯೇ. ಅಮೆರಿಕ ಆಮೇಲೆ ತನ್ನ ನೆಲದಲ್ಲೇ ಕೋತಿಗಳನ್ನು ಬೆಳೆಸುವುದನ್ನು ಹೆಚ್ಚಿಸಿತು. ಹಾಗಿದ್ದೂ 2020ರಲ್ಲಿ ಚೀನಾ ಕೋತಿಗಳ ರಫ್ತು ನಿಲ್ಲಿಸಿದಾಗ ಅಲ್ಲಿಯ ಪ್ರಯೋಗಾಲಯಗಳೂ ಪರದಾಡಿದವು.

ಕಾಡಿನ ಪ್ರಾಣಿ ಏಕೆ ಒಗ್ಗುವುದಿಲ್ಲ? ಅದರ ವಯಸ್ಸು ಖಚಿತವಾಗಿ ತಿಳಿಯುವುದಿಲ್ಲ, ಹಿಂದೆ ಯಾವ ರೋಗ ಬಂದು ಹೋಗಿದೆಯೆಂಬುದೂ ತಿಳಿಯುವುದಿಲ್ಲ. ಮನುಷ್ಯರ ಸಹವಾಸದಿಂದ ಅದಕ್ಕೆ ಕ್ಷಯ ತಗುಲಿರಬಹುದು. ರೀಸಸ್ ಸೇರಿದಂತೆ ಏಷ್ಯಾದ ಮಕಾಕ್ ಕುಲದ ಕೋತಿಗಳಲ್ಲಿ ಸಹಜವಾಗಿಯೇ ಇರುವ ಹರ್ಪಿಸ್ ಬಿ ವೈರಾಣು ಅವುಗಳಿಗೆ ಹೆಚ್ಚೇನೂ ಮಾಡದಿದ್ದರೂ, ಕಚ್ಚಿಸಿಕೊಂಡ ಕೆಲಸಗಾರನ ಮಿದುಳಿಗೆ ಹಬ್ಬಿ ಪ್ರಾಣ ತೆಗೆಯಬಲ್ಲದು. ಇನ್ನು ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ಲಸಿಕೆಯನ್ನೇ ಪರೀಕ್ಷಿಸುವುದಾದರೆ, ಆ ರೋಗ ಈಗಾಗಲೇ ಬಂದು ವಾಸಿಯಾದ ಮಂಗದ ರಕ್ತದಲ್ಲಿ ಪ್ರತಿಕಾಯಗಳು ಮೊದಲೇ ಇರುತ್ತವೆ; ಲಸಿಕೆ ಕೆಲಸ ಮಾಡಿತೋ ಹಳೆಯ ಸೋಂಕು ಕಾಪಾಡಿತೋ ಎಂದು ಹೇಳುವುದು ಹೇಗೆ? ಹಿಡಿದ ಗಾಬರಿಯೊಂದೇ ರೋಗನಿರೋಧಕ ಶಕ್ತಿಯನ್ನು ಏರುಪೇರು ಮಾಡುತ್ತದೆ. ಹೀಗೆ ತಂದ ಪ್ರಾಣಿಯಿಂದ ಬಂದ ಫಲಿತಾಂಶ ನಂಬಲರ್ಹವಲ್ಲದಿದ್ದರೆ ಆ ಜೀವ ವ್ಯರ್ಥವಾಗಿ ಹೋದಂತೆಯೇ, ಮತ್ತು ನನಗೆ ಅತ್ಯಂತ ಅನ್ಯಾಯವೆನಿಸುವುದು ಇದೇ.

ಬೆಳೆಸುವುದಾದರೂ ಸುಲಭವೇನಲ್ಲ. ರೀಸಸ್ ಹೆಣ್ಣು ಸುಮಾರು 165 ದಿನ ಗರ್ಭ ಹೊತ್ತು, ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ ಹಾಕುತ್ತದೆ. ಆ ಮರಿ ಮತ್ತೆ ಮರಿ ಹಾಕುವಷ್ಟು ಬೆಳೆಯಲು ಮೂರು ನಾಲ್ಕು ವರ್ಷ ಬೇಕು. ಕಾಫಿ ಗಿಡ ನೆಟ್ಟವರಿಗೆ ಈ ಕಾಯುವಿಕೆಯನ್ನು ವಿವರಿಸಬೇಕಾಗಿಲ್ಲ. ರೋಗ ಕಾಣಿಸಿಕೊಂಡ ಮೇಲೆ ಕೇಂದ್ರ ಕಟ್ಟಲು ಹೊರಟರೆ ಕೋತಿಗಳು ಸಿದ್ಧವಾಗುವ ಹೊತ್ತಿಗೆ ರೋಗ ತನ್ನ ಹಾವಳಿ ಮುಗಿಸಿರುತ್ತದೆ. ಆದ್ದರಿಂದ ವಿಸ್ತರಣೆಯ ಕೆಲಸವನ್ನು ರೋಗವಿಲ್ಲದ ವರ್ಷಗಳಲ್ಲೇ ಆರಂಭಿಸಿ, ಬಳಕೆ ಇಲ್ಲದ ವರ್ಷಗಳಲ್ಲೂ ಮೇವು, ಪಶುವೈದ್ಯರು, ಪರೀಕ್ಷೆಗಳ ಖರ್ಚನ್ನು ಸರ್ಕಾರ ಹೊರಬೇಕು. ಹಿಂಡಿನ ಸೋಂಕು ತೆಗೆಯುವುದು ಇನ್ನೂ ನಿಧಾನದ ಕೆಲಸ: ಪ್ರತಿ ಪ್ರಾಣಿಯನ್ನೂ ಮತ್ತೆ ಮತ್ತೆ ಪರೀಕ್ಷಿಸಿ, ಸೋಂಕಿರುವುದನ್ನು ಬೇರೆ ಮಾಡುತ್ತ ಹೋಗಬೇಕು.

ಸಂಖ್ಯೆ ಹೆಚ್ಚಿಸುವ ಆತುರದಲ್ಲಿ ಮರಿಯನ್ನು ಬೇಗನೆ ತಾಯಿಯಿಂದ ಬಿಡಿಸುವುದನ್ನು ಮಾತ್ರ ನಾನು ಒಪ್ಪಲಾರೆ. ತಾಯಿ, ಅಕ್ಕತಂಗಿಯರು, ದೊಡ್ಡಮ್ಮ ಎಲ್ಲರೂ ಒಟ್ಟಿಗೆ ಬಾಳುವ ಹಿಂಡು ಅವುಗಳದು. ಗಂಡುಗಳು ಬೆಳೆದು ಹೊರಹೋಗುತ್ತವೆ, ಹೆಣ್ಣುಗಳು ಹುಟ್ಟಿದ ಹಿಂಡಿನಲ್ಲೇ ಉಳಿಯುತ್ತವೆ. ಒಂಟಿ ಪಂಜರದಲ್ಲಿ ಬೆಳೆದ ಮರಿ ತನ್ನನ್ನೇ ಕಚ್ಚಿಕೊಳ್ಳುವಷ್ಟು ಕೆಡುತ್ತದೆ. ಕೋಶಗಳಲ್ಲೋ ಇಲಿಗಳಲ್ಲೋ ಉತ್ತರ ಸಿಗುವ ಪ್ರಶ್ನೆಗೆ ಕೋತಿಯನ್ನು ಬಳಸಕೂಡದು.

ಕೇಂದ್ರ ಎಲ್ಲಿರಬೇಕು? ನಮ್ಮಂಥ ಕಾಡಂಚಿನಲ್ಲಿ ಬೇಡ. ಬ್ರಹ್ಮಗಿರಿಯ ಕಡೆ ಸಿಂಗಳೀಕಗಳಿವೆ, ನೀಲಗಿರಿ ಮುಸುವಗಳಿವೆ; ಸಾಕಿದ ಹಿಂಡಿನ ಸೋಂಕು ಅವುಗಳಿಗೂ ಕಾಡಿನ ಸೋಂಕು ಹಿಂಡಿಗೂ ದಾಟುವ ದಾರಿಯನ್ನು ನಾವೇ ತೆರೆದಂತಾಗುತ್ತದೆ.

ಹಾಗಾದರೆ ನಮ್ಮ ತೋಟದ ಮಂಗದಿಂದ ವಿಜ್ಞಾನಕ್ಕೆ ಉಪಯೋಗವಿಲ್ಲವೇ? ಇದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಸತ್ತುಬಿದ್ದ ಮಂಗಗಳೇ ಮಂಗನ ಕಾಯಿಲೆ ಎಂಬ ಹೊಸ ರೋಗದ ಸುಳಿವು ಕೊಟ್ಟವು. 2012ರ ಕೊನೆಯಲ್ಲಿ ಬಂಡೀಪುರದಲ್ಲಿ, ಆಮೇಲೆ ನಮ್ಮ ಗಡಿಗೆ ತಾಗಿದ ವಯನಾಡಿನಲ್ಲಿ ಆ ರೋಗ ಕಾಣಿಸಿದೆ. ತೋಟದಲ್ಲಿ ಮಂಗವೋ ಮುಸುವವೋ ಸತ್ತಿರುವುದು ಕಂಡರೆ ಯಾರೂ ಮುಟ್ಟದೆ, ಕಾರ್ಮಿಕರನ್ನು ಆ ಜಾಗದ ತರಗೆಲೆಗಳಿಂದ ದೂರವಿರಿಸಿ, ಅದೇ ದಿನ ಅರಣ್ಯ ಇಲಾಖೆಗೂ ಆರೋಗ್ಯ ಇಲಾಖೆಗೂ ತಿಳಿಸಿ. ಸತ್ತ ಪ್ರಾಣಿಯ ಮೈಬಿಟ್ಟ ಉಣುಗುಗಳು ಸುತ್ತಲಿನ ನೆಲದಲ್ಲೇ ಇರುತ್ತವೆ.