ಮ್ಯೂಸಿಯಂನಲ್ಲಿ ಈ ಡೋಲಿನ ಬಾಯಿ ಕಟ್ಟಿದ್ದು ಯಾರು?

ನಮಸ್ಕಾರ. ಇವತ್ತಿನ ಪ್ರಶ್ನೆ ನಿಮ್ಮಲ್ಲೇ ಒಬ್ಬರದು: ಮ್ಯೂಸಿಯಂ ಒಳಗೆ ಕಾಲಿಟ್ಟ ಕೂಡಲೇ ನಾವೆಲ್ಲ ಯಾಕೆ ಪಿಸುಗುಟ್ಟುತ್ತೇವೆ?

ಅದು ಕಲಿಸಿದ ಅಭ್ಯಾಸ. 19ನೇ ಶತಮಾನದ ಯುರೋಪಿನಲ್ಲಿ ಮ್ಯೂಸಿಯಂಗಳು ದುಡಿಯುವ ಜನರಿಗೆ ಬಾಗಿಲು ತೆರೆದಾಗ, ಒಳಗೆ ಹೇಗಿರಬೇಕು ಅನ್ನುವ ಪಾಠವನ್ನೂ ಹೇಳಿದವು. ಮುಟ್ಟಬೇಡಿ, ಓಡಬೇಡಿ, ಗಲಾಟೆ ಬೇಡ. ಸರಿ, ಇದು ನಮ್ಮ ಬಾಯಿಯ ಕಥೆ. ನನ್ನನ್ನು ಕಾಡಿದ್ದು ಅಲ್ಲಿರುವ ವಸ್ತುಗಳ ಬಾಯಿ.

(ತೆರೆಯ ಮೇಲೆ: ಗಾಜಿನ ಹಿಂದೆ ಒಂದು ಡೋಲು. ಶಬ್ದವಿಲ್ಲ.)

ಇದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ, ಅಕಾನ್ ಅನ್ನುವ ಜನಾಂಗದವರ ಡೋಲು. ಈಗಿನ ಘಾನಾ ಕಡೆಯದು. 1753ರಲ್ಲಿ ಆ ಮ್ಯೂಸಿಯಂ ಹುಟ್ಟಿದ್ದೇ ಹ್ಯಾನ್ಸ್ ಸ್ಲೋನ್ ಅನ್ನುವ ವೈದ್ಯರ ಸಂಗ್ರಹದಿಂದ, ಈ ಡೋಲೂ ಅದರಲ್ಲೇ ಇತ್ತು. ಅವರಿಗೆ ಸಿಕ್ಕಿದ್ದು ಅಮೆರಿಕದ ವರ್ಜೀನಿಯಾದಿಂದ. ಹಾಗಾಗಿ ಅಲ್ಲಿನ ಮೂಲನಿವಾಸಿಗಳದ್ದು ಅಂತ ಬರೆದಿಟ್ಟರು. ಆಫ್ರಿಕಾದ್ದು ಅಂತ ಗುರುತಿಸಿದ್ದು 20ನೇ ಶತಮಾನದಲ್ಲಿ!

ಆಫ್ರಿಕಾದ ಡೋಲು ಅಟ್ಲಾಂಟಿಕ್ ದಾಟಿದ್ದು ಹೇಗೆ? ಬಹುಶಃ ಗುಲಾಮರನ್ನು ಸಾಗಿಸುವ ಹಡಗಿನಲ್ಲಿ. ಆ ಹಡಗುಗಳಲ್ಲಿ ಸೆರೆಯಾಳುಗಳನ್ನು ಡೆಕ್ಕಿಗೆ ತಂದು, ಡೋಲು ಬಡಿದು ಬಲವಂತವಾಗಿ ಕುಣಿಸುತ್ತಿದ್ದರು. ಮೈ ಗಟ್ಟಿಯಿದ್ದರೆ ಮಾರುವಾಗ ಬೆಲೆ ಜಾಸ್ತಿ ಅಲ್ವಾ, ಅದಕ್ಕೆ. ದಡ ಸೇರಿದ ಮೇಲೆ ಅದೇ ಸದ್ದಿಗೆ ಒಡೆಯರು ಹೆದರಿದರು. 1739ರಲ್ಲಿ ದಕ್ಷಿಣ ಕೆರೊಲಿನಾದ ಸ್ಟೋನೋದಲ್ಲಿ ಗುಲಾಮರು ಡೋಲು ಬಾರಿಸುತ್ತಲೇ ದಂಗೆ ಎದ್ದರು. ಮರುವರ್ಷದ ಕಾನೂನು ಅವರಿಗೆ ಡೋಲು, ಕಹಳೆ ಎರಡನ್ನೂ ನಿಷೇಧಿಸಿತು. ಒಡೆಯ ಬಡಿಸಿದರೆ ವ್ಯಾಪಾರ, ಆಳು ಬಡಿದರೆ ಅಪರಾಧ.

ಈಗ ಗಾಜಿನ ಮುಂದೆ ನಿಲ್ಲಿ. ಹಳೆಯ ಚರ್ಮ, ಬಾರಿಸಿದರೆ ಹಾಳಾಗುತ್ತದೆ, ಒಪ್ಪುತ್ತೇನೆ. ಆದರೆ ಸದ್ದಿಲ್ಲದೆ ಅದು ಸುಮ್ನೆ ಕೆತ್ತಿದ ಮರದ ಹಾಗೆ ಕಾಣುತ್ತದೆ. ಇಂಥ ವಸ್ತುವಿನ ಪಕ್ಕ ಆ ಸಮುದಾಯದವರೇ ಬಾರಿಸಿದ ಸದ್ದು ಕೇಳಿಸಲೇಬೇಕು.

ಹೊತ್ತಾಯಿತು, ಇನ್ನೆರಡು ಬೇಗ ಹೇಳಿಬಿಡುತ್ತೇನೆ. 1952ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸ್ಟೆಡೆಲಿಕ್ ಮ್ಯೂಸಿಯಂ, ನೋಡುತ್ತಿರುವುದರ ವಿವರಣೆಯನ್ನು ಕಿವಿಗೇ ಹೇಳುವ ಆಡಿಯೋ ಗೈಡ್ ತಂದಿತು. ರೇಡಿಯೋದಲ್ಲಿ ಎಲ್ಲರಿಗೂ ಒಂದೇ ಹೊತ್ತಿಗೆ ಒಂದೇ ಮಾತು. ಕಿವಿಯಲ್ಲಿ ಮ್ಯೂಸಿಯಂನದೇ ದನಿ. ಇನ್ನು ಬರ್ಲಿನ್ನಿನಲ್ಲಿ, ಮೊದಲ ಮಹಾಯುದ್ಧದ ಸೆರೆಶಿಬಿರಗಳಲ್ಲಿ ರೆಕಾರ್ಡ್ ಮಾಡಿದ ಕೈದಿಗಳ ದನಿಗಳಿವೆ. ಕೈದಿಯಾದವನು ಒಲ್ಲೆ ಅನ್ನಲು ಆಗುತ್ತಿತ್ತೇ? ಅವನ್ನು ಸ್ಪೀಕರಿನಲ್ಲಿ ಹಾಕುವ ಮೊದಲು ಅವರ ಊರಿನವರನ್ನು ಕೇಳಬೇಕು.

ಈಗ ಅಕಾನ್ ಡೋಲಿನ ಸದ್ದು. ಹೆಡ್‌ಫೋನ್ ತೆಗೆದು ಜೋರಾಗಿಯೇ ಕೇಳಿ.