ಲಾಕ್ ಆದ ಫೋನಿನ ಮೇಲೊಂದು ಬಟನ್

ಕೇಳುಗ ಬಂಧುಗಳೇ, ನಮಸ್ಕಾರ.

ನಿಮ್ಮಲ್ಲಿ ಕೆಲವರು ಈ ಮಾತನ್ನು ರೇಡಿಯೋ ಪೆಟ್ಟಿಗೆಯಲ್ಲಿ ಕೇಳುತ್ತಿರಬಹುದು, ಇನ್ನು ಕೆಲವರು ಫೋನಿನ ಆ್ಯಪಿನಲ್ಲಿ. ಫೋನಿನವರು ಒಂದು ಕೆಲಸ ಮಾಡಿ. ಪರದೆಯನ್ನು ಮೇಲಿನಿಂದ ಕೆಳಕ್ಕೆ ಬೆರಳಲ್ಲಿ ಎಳೆಯಿರಿ. ನಿಲಯದ ಹೆಸರು, ಪಕ್ಕದಲ್ಲೊಂದು ಚಿತ್ರ, ಶಬ್ದ ನಿಲ್ಲಿಸುವ ಬಟನ್. ಇಷ್ಟಿರುವ ಒಂದು ಪಟ್ಟಿ ಕಾಣುತ್ತದೆ ಅಲ್ವಾ? ಇವತ್ತು ನನ್ನ ಮಾತೆಲ್ಲ ಆ ಪಟ್ಟಿಯ ಬಗ್ಗೆಯೇ. ನೋಡಿ ಆಯಿತೆಂದರೆ ಫೋನ್ ಕೆಳಗಿಡಿ. ಇನ್ನು ಕಿವಿ ಸಾಕು.

ನಾನು ಆ್ಯಪ್ ಬರೆಯುವ ಕೆಲಸದವನು. ಕೆಲವು ವರ್ಷಗಳ ಹಿಂದೆ ಅಮ್ಮನಿಗೆಂದೇ ಒಂದು ಪುಟ್ಟ ಆ್ಯಪ್ ಮಾಡಿದೆ. ನಾಲ್ಕೈದು ಬಾನುಲಿ ನಿಲಯ, ಒಂದಷ್ಟು ಹಳೇ ಹರಿಕಥೆ, ಅಷ್ಟೇ. ಒಳಗಿನ ಪರದೆಗೆ ಒಂದು ತಿಂಗಳು ಒದ್ದಾಡಿದೆ. ಬಣ್ಣ ಬದಲಿಸಿದೆ, ಹಾಡಿನ ಜೊತೆ ಕುಣಿಯುವ ಗೆರೆ ಹಾಕಿದೆ. ಅಮ್ಮ ಅದನ್ನು ನೋಡಿದ್ದು ನಿಲಯ ಹಚ್ಚುವಾಗ ಮಾತ್ರ. ಮರುನಿಮಿಷ ಪರದೆ ಆರಿತು, ಫೋನು ಅಡುಗೆಮನೆಯಲ್ಲಿ ಅಕ್ಕಿ ಡಬ್ಬಿಯ ಪಕ್ಕ ಹೋಗಿ ಕೂತಿತು. ಆಮೇಲೆ ದಿನವಿಡೀ ಅವಳ ಕಣ್ಣಿಗೆ ಬೀಳುವುದು ಲಾಕ್ ಸ್ಕ್ರೀನಿನ ಮೇಲಿನ ಆ ಪಟ್ಟಿ. ಅದನ್ನು ನಾನು ಒಂದೇ ಸಂಜೆಯಲ್ಲಿ ಮುಗಿಸಿ ಕೈ ತೊಳೆದುಕೊಂಡು ಎದ್ದಿದ್ದೆ!

ಮೂರನೇ ದಿನವೇ ದೂರು ಬಂತು. "ಏನೋ ಇದು, ಹಾಡು ಬದಲಾದಾಗೆಲ್ಲ ಟಿಂಗ್ ಅನ್ನತ್ತೆ? ಯಾರೋ ಮೆಸೇಜ್ ಮಾಡಿದ್ರು ಅಂತ ಒಲೆ ಬಿಟ್ಟು ಓಡಿ ಬರ್ತೀನಿ."

ತಪ್ಪು ನನ್ನದೇ. 2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ ಪ್ರತಿ ನೋಟಿಫಿಕೇಶನ್ನೂ, ಅಂದರೆ ಆ ಪಟ್ಟಿಯಂಥ ಸೂಚನೆಯೂ, ಒಂದು ಚಾನೆಲ್ಲಿಗೆ ಸೇರಬೇಕು. ಚಾನೆಲ್ ಅಂದರೆ ಇಲ್ಲಿ ನಿಲಯ ಅಲ್ಲ, ಒಂದೇ ಬಗೆಯ ಸೂಚನೆಗಳ ಗುಂಪು. ಚಾನೆಲ್ಲಿಗೊಂದು ಮಟ್ಟ ಇರುತ್ತದೆ. ನಡುವಿನ ಮಟ್ಟ ಇಟ್ಟರೆ ಫೋನು ಸದ್ದು ಮಾಡುತ್ತದೆ, ಕೆಳಗಿನ ಮಟ್ಟ ಇಟ್ಟರೆ ಸುಮ್ನೆ ಬಂದು ಕೂರುತ್ತದೆ. ಹಾಡು ಹಾಕುವ ಆ್ಯಪಿಗೆ ಬೇಕಾದದ್ದು ಎರಡನೆಯದು. ನಾನು ಯೋಚಿಸದೆ ಮೊದಲನೆಯದನ್ನು ಇಟ್ಟಿದ್ದೆ. ಹಾಡಿನ ಹೆಸರು ಬದಲಾದಾಗಲೆಲ್ಲ ಪಟ್ಟಿಯೂ ಹೊಸದಾಗುತ್ತಿತ್ತು, ಟಿಂಗ್ ಅನ್ನುತ್ತಿತ್ತು.

ಒಂದು ಸಾಲು ತಿದ್ದಿ ಹೊಸ ಆ್ಯಪ್ ಹಾಕಿಕೊಟ್ಟೆ. ಮತ್ತೆ ಟಿಂಗ್! ನನ್ನ ಫೋನಿನಲ್ಲಿ ಸುಮ್ಮನಿದೆ, ಅಮ್ಮನ ಫೋನಿನಲ್ಲಿ ಮಾತ್ರ ಬಡಿದುಕೊಳ್ಳುತ್ತಿದೆ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು. ಅಜ್ಜಿಯ ಕಷ್ಟ ನೋಡಲಾರದೆ ಮೊಮ್ಮಗ ಸೆಟ್ಟಿಂಗ್ಸಿಗೆ ಹೋಗಿ ಆ ಟಿಂಗನ್ನು ಬದಲಿಸಿ ಇನ್ನೊಂದು ಮೆತ್ತನೆಯ ಟಿಂಗ್ ಇಟ್ಟಿದ್ದ. ಫೋನಿನ ಲೆಕ್ಕ ಹೀಗೆ: ಚಾನೆಲ್ಲಿನ ಮಟ್ಟವನ್ನು ಆ್ಯಪು ಆಮೇಲೆ ಏರಿಸುವ ಹಾಗಿಲ್ಲ, ಇಳಿಸಬಹುದು. ಆದರೆ ಫೋನಿನ ಯಜಮಾನರು ಒಮ್ಮೆ ಅದಕ್ಕೆ ಕೈ ಹಾಕಿದರೋ, ಇಳಿಸುವುದೂ ಆಗದು. ಚಾನೆಲ್ ಅಳಿಸಿ ಅದೇ ಗುರುತಿನಲ್ಲಿ ಮತ್ತೆ ಮಾಡಿದರೂ ಹಳೇ ಸೆಟ್ಟಿಂಗೇ ಎದ್ದು ಬರುತ್ತದೆ. ಬೇರೆ ಗುರುತು ಕೊಟ್ಟು ಹೊಸ ಚಾನೆಲ್ಲೇ ಮಾಡಬೇಕಾಯಿತು. ಕಿರಿಕಿರಿ ಅನ್ನಿಸಿದರೂ ನನಗೆ ಈ ನಿಯಮ ಹಿಡಿಸಿತು. ಫೋನು ಅಮ್ಮನದು, ನನ್ನದಲ್ಲ.

ಈ ಪಟ್ಟಿ ಯಾಕೆ ಬೇಕೇ ಬೇಕು ಅಂತ ಕೇಳಬಹುದು. ಪರದೆ ಆರಿದ ಮೇಲೂ ಓಡುವ ಆ್ಯಪು ಬ್ಯಾಟರಿ ತಿನ್ನುತ್ತದೆ. ಅದಕ್ಕೆ ಆಂಡ್ರಾಯ್ಡ್ ಹೇಳುತ್ತದೆ: ಓಡು, ಆದರೆ ಕದ್ದು ಓಡಬೇಡ, ಪಟ್ಟಿ ತೋರಿಸಿಕೊಂಡು ಓಡು. ಹಿನ್ನೆಲೆಯ ಆ ಕೆಲಸವನ್ನು ಶುರು ಮಾಡಿದ ಐದು ಸೆಕೆಂಡಿನೊಳಗೆ ಪಟ್ಟಿ ಎದುರಿಗೆ ಬರಬೇಕು, ಇಲ್ಲದಿದ್ದರೆ ಆ್ಯಪನ್ನೇ ಮುಚ್ಚಿಬಿಡುತ್ತದೆ. ನಾನು ನಿಲಯ ಸಿಕ್ಕಿ ಶಬ್ದ ಬಂದ ಮೇಲೆ ಪಟ್ಟಿ ತೋರಿಸೋಣ ಅಂತಿದ್ದೆ. ಊರಿನಲ್ಲಿ ನೆಟ್ ನಿಧಾನ, ಐದು ಸೆಕೆಂಡಿನಲ್ಲಿ ಏನೂ ಸಿಗುತ್ತಿರಲಿಲ್ಲ. ಈಗ ಮೊದಲು "ಹುಡುಕುತ್ತಿದೆ" ಅನ್ನುವ ಪಟ್ಟಿ ಬರುತ್ತದೆ, ಶಬ್ದ ತನಗೆ ಬೇಕಾದಾಗ ಬರಲಿ.

ಆಮೇಲೆ ನನಗೆ ಶೋಕಿ ಹತ್ತಿತು. ಪಟ್ಟಿಯನ್ನು ನಾನೇ ಬಿಡಿಸುತ್ತೇನೆ ಅಂತ ಹೊರಟೆ. ಗೆಳೆಯನೊಬ್ಬ ಚೆಂದದ ನಕ್ಷೆ ಮಾಡಿಕೊಟ್ಟ, ಇಂಗ್ಲಿಷ್ ಅಕ್ಷರ ಹಾಕಿ ನೋಡಿದೆವು, ಸೊಗಸಾಗಿತ್ತು. ಅಮ್ಮನ ಫೋನಿನಲ್ಲಿ "ಹಳ್ಳಿ ಸುದ್ದಿ" ಅನ್ನುವ ಹೆಸರು ಬಂದಾಗ ಅದು "ಹಳಿ ಸುದಿ" ಆಗಿತ್ತು! ಸಾಲಿನ ಎತ್ತರವನ್ನು ಇಂಗ್ಲಿಷಿನ ಅಳತೆಗೆ ಕಟ್ಟಿಹಾಕಿದ್ದೆವು, ಕೆಳಗಿಳಿಯುವ ಒತ್ತಕ್ಷರ ಕತ್ತರಿಸಿ ಹೋಗಿತ್ತು. ರೈಲ್ವೆ ವಾರ್ತೆಯೇನೋ ಅಂದುಕೊಂಡಳಂತೆ ಅಮ್ಮ. ಕನ್ನಡಕ್ಕೆ ಸಾಲಿನ ಕೆಳಗೂ ಜಾಗ ಬೇಕು. ಇದನ್ನು ಕನ್ನಡದವನೇ ಮರೆತಿದ್ದೆ ನೋಡಿ.

ಸ್ವಂತ ನಕ್ಷೆಯ ಆಸೆ ಅಲ್ಲಿಗೆ ಬಿಟ್ಟೆ. ಅದಕ್ಕಿಂತ ಒಳ್ಳೆಯ ದಾರಿ 2014ರ ಆಂಡ್ರಾಯ್ಡ್ 5ರಿಂದಲೇ ಇದೆ. ಅದರ ಹೆಸರು ಮೀಡಿಯಾ ಸೆಶನ್. ಆ್ಯಪು ಫೋನಿಗೆ "ನಾನು ಇದನ್ನು ಹಾಡುತ್ತಿದ್ದೇನೆ, ನನ್ನನ್ನು ನಿಲ್ಲಿಸಬಹುದು, ಮುಂದಕ್ಕೆ ಕಳಿಸಬಹುದು" ಅಂತ ಒಪ್ಪಿಸಿಬಿಡುತ್ತದೆ. ಲಾಕ್ ಸ್ಕ್ರೀನ್, ಕಾರಿನ ಸ್ಟೀರಿಂಗಿನ ಬಟನ್, ಬ್ಲೂಟೂತ್ ಇಯರ್‌ಫೋನು, ಕೈಗಡಿಯಾರ ಎಲ್ಲವೂ ಅದೇ ಸೆಶನ್ನಿನ ಜೊತೆ ಮಾತಾಡುತ್ತವೆ. 2022ರ ಆಂಡ್ರಾಯ್ಡ್ 13 ಬಂದ ಮೇಲಂತೂ ಪಟ್ಟಿ ಬಿಡಿಸುವುದು ಫೋನಿನದೇ ಕೆಲಸ. ಯಾವ ಬಟನ್ ಬೇಕು ಅಂತ ಹೇಳುವುದಷ್ಟೇ ನಮ್ಮದು. ಹೆಚ್ಚೆಂದರೆ ಐದು. ಐಫೋನಿನಲ್ಲಿ ಮೊದಲಿನಿಂದಲೂ ಹೆಚ್ಚುಕಡಿಮೆ ಹೀಗೇ, ವಿವರ ಕೊಡಿ, ಅಂದಚೆಂದ ಅವರಿಗೆ ಬಿಡಿ.

ಅಲ್ಲಿಗೆ ಉಳಿದ ಪ್ರಶ್ನೆ, ಆ ಐದು ಬಟನ್ ಯಾವುವು? ನಾನು ಲೈಕ್, ಶೇರ್ ಅಂತೆಲ್ಲ ಬರೆದಿಟ್ಟುಕೊಂಡಿದ್ದೆ. ಅಮ್ಮ ಕೇಳಿದ್ದು ಎರಡೇ. ಹರಿಕಥೆಯನ್ನು ಹತ್ತು ಸೆಕೆಂಡ್ ಹಿಂದಕ್ಕೆ ಓಡಿಸುವುದು ಒಂದು, ನಿದ್ದೆ ಹತ್ತುವ ಹೊತ್ತಿಗೆ ತಾನೇ ನಿಲ್ಲುವುದು ಇನ್ನೊಂದು. ಗೂಗಲಿನ ಮೀಡಿಯಾ3 ಅನ್ನುವ ಲೈಬ್ರರಿಯಲ್ಲಿ, ಅಂದರೆ ಮೊದಲೇ ಬರೆದಿಟ್ಟ ಕೋಡಿನ ಗಂಟಿನಲ್ಲಿ, ಇದಕ್ಕೆ ಕಮಾಂಡ್ ಬಟನ್ ಅಂತಿದೆ. ಚಿತ್ರ ಕೊಡಬೇಕು, ಹೆಸರು ಕೊಡಬೇಕು, ಒತ್ತಿದಾಗ ಏನಾಗಬೇಕು ಅಂತ ಬರೆಯಬೇಕು. ಎಲ್ಲ ಬರೆದೆ, ನಿದ್ದೆಯ ಬಟನ್ ಕಾಣಲೇ ಇಲ್ಲ. ಕಾರಣ ಪುಟ್ಟದು. ಪಟ್ಟಿ ಬಂದು ಸೆಶನ್ನಿನ ಬಾಗಿಲು ತಟ್ಟುವಾಗ, ಈ ಹೊಸ ಆಜ್ಞೆ ನೀನು ಕೊಡಬಹುದು ಅಂತ ನಾವು ಒಪ್ಪಿಗೆ ಕೊಡಬೇಕು. ಕೊಡದಿದ್ದರೆ ಯಾವ ತಕರಾರೂ ಇಲ್ಲದೆ ಬಟನ್ ಮಾಯ. ಈ ಕೆಲಸಕ್ಕೆ ಕೈ ಹಾಕುವವರು ಮೊದಲು ಅಲ್ಲೇ ನೋಡಿ.

ನೇರ ಪ್ರಸಾರದ ಕಥೆ ಬೇರೆ. ಅಮ್ಮ ಪ್ರದೇಶ ಸಮಾಚಾರದ ನಡುವೆ ಫೋನ್ ಬಂತು ಅಂತ ನಿಲ್ಲಿಸಿದಳು. ಹತ್ತು ನಿಮಿಷ ಬಿಟ್ಟು ಒತ್ತಿದರೆ ಹಳೇ ವಾಕ್ಯದ ಬಾಲ ಎರಡು ಸೆಕೆಂಡ್ ಕೇಳಿ ಎಲ್ಲ ನಿಂತುಹೋಯಿತು. ರೇಡಿಯೋ ಅಂದರೆ ಹರಿಯುವ ನೀರು, ನಿಲ್ಲಿಸಿ ಬಂದರೆ ಈಗಿನ ಹೊತ್ತಿಗೇ ಸೇರಿಕೊಳ್ಳಬೇಕು. ಹಾಗೇ ತಿದ್ದಿದೆ. ನಿಲಯ ಹಚ್ಚಿದಾಗ ಹಿಂದಕ್ಕೆ ಓಡಿಸುವ ಬಟನ್ನನ್ನೂ ತೆಗೆದೆ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಎಂ. ವಿ. ಗೋಪಾಲಸ್ವಾಮಿಯವರು ಆಕಾಶವಾಣಿ ಶುರು ಮಾಡಿದಾಗ ಕೇಳುಗರಿಗೆ ಈ ತಲೆನೋವೇ ಇರಲಿಲ್ಲ ಬಿಡಿ. ತಪ್ಪಿದ್ದು ತಪ್ಪಿತು.

ಮೊನ್ನೆ ಊರಿಗೆ ಹೋಗಿದ್ದೆ. ಅಮ್ಮ ರೊಟ್ಟಿ ತಟ್ಟುತ್ತಿದ್ದಳು, ಎರಡೂ ಕೈ ಹಿಟ್ಟು. ಡಬ್ಬಿಯ ಪಕ್ಕ ಹರಿಕಥೆ. ಕುಕ್ಕರ್ ಕೂಗಿತು, ದಾಸರ ಮಾತು ಮುಳುಗಿತು. ಅಮ್ಮ ಬೆರಳಿನ ಗೆಣ್ಣಿನಿಂದ ಪಟ್ಟಿಯ ಮೇಲೊಂದು ಸಲ ಕುಟ್ಟಿದಳು. ದಾಸರು ಹತ್ತು ಸೆಕೆಂಡ್ ಹಿಂದೆ ಹೋಗಿ ಅದೇ ಮಾತನ್ನು ಮತ್ತೆ ಹೇಳಿದರು. ಕುಕ್ಕರ್ ಮತ್ತೆ ಕೂಗಿತು, ಅಮ್ಮ ಮತ್ತೆ ಕುಟ್ಟಿದಳು. ಮೂರು ವಿಷಲ್ ಆಗುವ ತನಕ ದಾಸರಿಗೆ ಮುಂದಕ್ಕೆ ಹೋಗಲು ಬಿಡಲಿಲ್ಲ.

ನಮಸ್ಕಾರ.