ಮೊದಲು ಮೂಲ ನೋಡಿ, ಆಮೇಲೆ ಮಾತಾಡಿ

ಕೇಳುಗ ಮಿತ್ರರೇ, ನಮಸ್ಕಾರ.

ಇವತ್ತಿನ ನನ್ನ ಮಾತು ವಿಜ್ಞಾನಿಗಳಿಗಲ್ಲ. ದಿನದ ಕೆಲಸ ಮುಗಿಸಿ, ಫೋನ್ ಕೈಗೆತ್ತಿಕೊಂಡು, ರಾಕೆಟ್ಟು, ಚಂದ್ರ, ಕ್ಷುದ್ರಗ್ರಹ ಅಂತ ಬರುವ ಸುದ್ದಿ ಓದಿ, ಅದರ ಬಗ್ಗೆ ನಾಲ್ಕು ಸಾಲು ಬರೆಯುತ್ತೀರಲ್ಲ, ನಿಮಗೆ. "ನಾವು ಸಾಮಾನ್ಯ ಜನ, ನಮ್ಮ ಅಭಿಪ್ರಾಯಕ್ಕೆ ಏನು ಬೆಲೆ?" ಅಂತ ಎಷ್ಟೋ ಜನ ನನ್ನನ್ನು ಕೇಳುತ್ತಾರೆ. ಬೆಲೆ ಇದೆ. ಖಂಡಿತ ಇದೆ. ಆದರೆ ಮಾತಾಡುವ ಮುಂಚೆ ಮೂಲ ನೋಡಿರಬೇಕು. ಯಾರೋ ಕತ್ತರಿಸಿ ಕಳಿಸಿದ ವಿಡಿಯೋ ಅಲ್ಲ. ಅದರ ಮೇಲೆ ಇನ್ಯಾರೋ ಬರೆದ ಸಾಲಲ್ಲ. ಮೂಲ.

ಒಂದು ಘಟನೆ ಹೇಳುತ್ತೇನೆ. ನನಗೆ ತುಂಬ ಇಷ್ಟವಾದದ್ದು, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

2019ರ ಸೆಪ್ಟೆಂಬರ್ 7, ನಡುರಾತ್ರಿ ಕಳೆದಿತ್ತು. ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ದಕ್ಷಿಣ ಧ್ರುವದ ಕಡೆ ಇಳಿಯುತ್ತಿತ್ತು. ನೆಲ ಮುಟ್ಟೋಕೆ ಇನ್ನು ಎರಡು ಕಿಲೋಮೀಟರ್ ಚಿಲ್ಲರೆ ಇರುವಾಗ ಸಂಪರ್ಕ ಕಡಿದುಹೋಯಿತು. ಆಮೇಲೆ ಆನ್‌ಲೈನ್‌ನಲ್ಲಿ ಏನಾಯಿತು ಅಂತ ನಿಮಗೂ ನೆನಪಿರಬಹುದು. ಲ್ಯಾಂಡರ್ ಚೆನ್ನಾಗೇ ಇದೆ ಅಂದರು ಕೆಲವರು. ವಾಲಿಕೊಂಡು ನಿಂತಿದೆ ಅಂದರು ಇನ್ನು ಕೆಲವರು. ದುಡ್ಡೆಲ್ಲ ದಂಡ ಅಂದವರೂ ಇದ್ದರು. ಯಾವ ಚಿತ್ರ ನೋಡಿ ಹೇಳ್ತಿದ್ದೀರಿ ಅಂತ ಕೇಳಿದರೆ ಉತ್ತರವೇ ಇಲ್ಲ.

ನಾಸಾದ ಲೂನಾರ್ ರಿಕನೈಸೆನ್ಸ್ ಆರ್ಬಿಟರ್ ಅನ್ನುವ ನೌಕೆ 2009ರಿಂದ ಚಂದ್ರನ ಸುತ್ತ ತಿರುಗುತ್ತಾ ಫೋಟೋ ತೆಗೆಯುತ್ತಿದೆ. ಸೆಪ್ಟೆಂಬರ್ 17ರಂದು ಅದು ಆ ಜಾಗದ ಮೇಲೆ ಹಾದುಹೋಯಿತು. ತೆಗೆದ ಚಿತ್ರಗಳನ್ನು ಜೋಡಿಸಿ ನಾಸಾ 26ರಂದು ಎಲ್ಲರಿಗೂ ಬಿಟ್ಟುಕೊಟ್ಟಿತು. ಎಲ್ಲರಿಗೂ ಅಂದರೆ ಎಲ್ಲರಿಗೂ. ಪಾಸ್‌ವರ್ಡ್ ಬೇಡ, ಪದವಿ ಬೇಡ, ದುಡ್ಡೂ ಬೇಡ.

ಚೆನ್ನೈನಲ್ಲಿ ಷಣ್ಮುಗ ಸುಬ್ರಮಣಿಯನ್ ಅಂತ ಒಬ್ಬ ಇಂಜಿನಿಯರ್. ಅಂತರಿಕ್ಷ ಅವರ ನೌಕರಿಯಲ್ಲ. ಅವರು ಈ ಹೊಸ ಚಿತ್ರ ಇಳಿಸಿಕೊಂಡರು. ಅದೇ ಜಾಗದ ಹಳೇ ಚಿತ್ರವನ್ನೂ ಇಳಿಸಿಕೊಂಡರು. ಎರಡು ಲ್ಯಾಪ್‌ಟಾಪ್ ಅಕ್ಕಪಕ್ಕ ಇಟ್ಟುಕೊಂಡು ಹುಡುಕುತ್ತಾ ಕೂತರು. ಆ ಚಿತ್ರ ಹೇಗಿದೆ ಗೊತ್ತಾ? ಎತ್ತ ನೋಡಿದರೂ ಬೂದು ಬಣ್ಣ. ಸೂರ್ಯ ದಿಗಂತಕ್ಕೆ ಹತ್ತಿರ ಇದ್ದಾಗ ತೆಗೆದದ್ದು, ಹಾಗಾಗಿ ಸಣ್ಣ ದಿಬ್ಬಕ್ಕೂ ಉದ್ದುದ್ದ ನೆರಳು. ಗುಂಡಿಗಳ ಒಳಗೆ ಬರೀ ಕಪ್ಪು. ಚಿತ್ರದ ಒಂದೊಂದು ಚುಕ್ಕೆ, ಅಂದರೆ ಒಂದೊಂದು ಪಿಕ್ಸೆಲ್, ಅಲ್ಲಿನ ನೆಲದ ಮೇಲೆ 1.3 ಮೀಟರ್ ಅಗಲದ ಜಾಗ. ಅಷ್ಟೊಂದು ಚುಕ್ಕೆಗಳ ನಡುವೆ ಒಂದು ಬಿಳಿ ಚುಕ್ಕೆ. ಒಂದೇ ಒಂದು. ಹೊಸ ಚಿತ್ರದಲ್ಲಿದೆ, ಹಳೆಯದರಲ್ಲಿ ಇಲ್ಲ.

ಅವರು ನಾಸಾಕ್ಕೆ ಬರೆದರು. ಚಿತ್ರ ತೆಗೆದ ತಂಡ ಅದನ್ನು ಗಂಭೀರವಾಗಿ ತೆಗೆದುಕೊಂಡು, ಹಿಂದಿನ ಮುಂದಿನ ಚಿತ್ರಗಳನ್ನು ಮತ್ತೆ ಹೋಲಿಸಿ ನೋಡಿತು. ಅಕ್ಟೋಬರ್, ನವೆಂಬರ್‌ನಲ್ಲಿ ನೌಕೆ ಮತ್ತೆ ಅಲ್ಲಿ ಹಾದುಹೋದಾಗ ಬೆಳಕು ಇನ್ನೂ ಚೆನ್ನಾಗಿತ್ತು. ಅಪ್ಪಳಿಸಿದ ಜಾಗ, ಸುತ್ತ ಚೆದುರಿದ ಮಣ್ಣು, ಚೂರುಗಳು, ಎಲ್ಲ ಕಂಡವು. ಆ ಬಿಳಿ ಚುಕ್ಕೆ ಲ್ಯಾಂಡರಿನ ಚೂರೇ! ಅಪ್ಪಳಿಸಿದ ಮುಖ್ಯ ಜಾಗದಿಂದ ಸುಮಾರು 750 ಮೀಟರ್ ದೂರದಲ್ಲಿ ಬಿದ್ದಿತ್ತು. ಡಿಸೆಂಬರ್ ಶುರುವಿನಲ್ಲಿ ನಾಸಾ ಇದನ್ನು ಪ್ರಕಟಿಸಿತು, ಅವರ ಹೆಸರು ಹಾಕಿಯೇ ಪ್ರಕಟಿಸಿತು.

ಆ ತಿಂಗಳು ವಾದ ಮಾಡುತ್ತಿದ್ದ ಲಕ್ಷಾಂತರ ಜನರ ಕೈಯಲ್ಲೂ ಅದೇ ಇಂಟರ್ನೆಟ್ ಇತ್ತು. ಅದೇ ಚಿತ್ರ ಅವರಿಗೂ ಸಿಗುತ್ತಿತ್ತು. ನೋಡಬೇಕಿತ್ತು, ಅಷ್ಟೇ. ಇದನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ, ಎಷ್ಟು ಸಲ ಹೇಳಿದರೂ ನನಗೆ ಸಾಕು ಅನ್ನಿಸುವುದಿಲ್ಲ.

ಮೂಲ ನೋಡದಿದ್ದರೆ ಏನಾಗುತ್ತೆ? ಆಗಸ್ಟ್ ಬಂತು ಅಂದರೆ ಒಂದು ಮೆಸೇಜ್ ಹೊರಡುತ್ತದೆ. "27ನೇ ತಾರೀಖು ಮಂಗಳ ಗ್ರಹ ಹುಣ್ಣಿಮೆ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತೆ." 2003ರ ಆಗಸ್ಟ್ 27ರಂದು ಮಂಗಳ ನಿಜವಾಗಲೂ ಹತ್ತಿರ ಬಂದಿತ್ತು. ಸುಮಾರು 60,000 ವರ್ಷಗಳಲ್ಲಿ ಅಷ್ಟು ಹತ್ತಿರ ಬಂದಿರಲಿಲ್ಲ. ಹಾಗಿದ್ದೂ ದೂರ ಐದೂವರೆ ಕೋಟಿ ಕಿಲೋಮೀಟರ್‌ಗಿಂತ ಜಾಸ್ತಿ! ಮೊದಲ ಮೆಸೇಜಿನಲ್ಲಿ, 75 ಪಟ್ಟು ಹಿಗ್ಗಿಸಿ ತೋರಿಸುವ ದೂರದರ್ಶಕದಲ್ಲಿ ನೋಡಿದರೆ ಅಂತ ಇತ್ತು. ಫಾರ್ವರ್ಡ್ ಆಗ್ತಾ ಆಗ್ತಾ ದೂರದರ್ಶಕ ಬಿದ್ದುಹೋಯಿತು, ಇಸವಿಯೂ ಬಿದ್ದುಹೋಯಿತು. ಉಳಿದದ್ದು ಸುಳ್ಳು. ದಯವಿಟ್ಟು ಈ ವರ್ಷ ಅದನ್ನು ಮುಂದಕ್ಕೆ ಕಳಿಸಬೇಡಿ.

ಈಚಿನದೂ ಒಂದಿದೆ. 2024ರ ಡಿಸೆಂಬರ್ 27ರಂದು ಚಿಲಿ ದೇಶದ ಒಂದು ದೂರದರ್ಶಕದ ಕಣ್ಣಿಗೆ ಒಂದು ಕ್ಷುದ್ರಗ್ರಹ ಬಿತ್ತು. ಹೆಸರು 2024 ವೈಆರ್4. 2032ರ ಡಿಸೆಂಬರ್ 22ರಂದು ಅದು ಭೂಮಿಗೆ ಬಡಿಯುವ ಸಾಧ್ಯತೆ ಶೇಕಡಾ 1 ದಾಟಿತು. 2025ರ ಫೆಬ್ರವರಿ 18ಕ್ಕೆ ಶೇಕಡಾ 3.1 ಆಯಿತು. ಫೋನ್‌ಗಳಲ್ಲಿ ಪ್ರಳಯ ಶುರುವಾಗಿಬಿಟ್ಟಿತು. ಒಂದು ವಾರದೊಳಗೆ ಅದೇ ಸಾಧ್ಯತೆ ಸೊನ್ನೆಯ ಹತ್ತಿರ ಬಂತು. ಮೊದಲು ಹೆದರಿಸಿದರು, ಆಮೇಲೆ ಮುಚ್ಚಿಟ್ಟರು ಅಂತ ನನ್ನ ಹತ್ತಿರವೇ ವಾದ ಮಾಡಿದವರಿದ್ದಾರೆ.

ಇಲ್ಲ ಸ್ವಾಮಿ, ಯಾರೂ ಏನನ್ನೂ ಮುಚ್ಚಿಡಲಿಲ್ಲ. ಹೊಸದಾಗಿ ಕಂಡಾಗ ಅದರ ದಾರಿ ಸರಿಯಾಗಿ ಗೊತ್ತಿರುವುದಿಲ್ಲ. ಆ ದಿನ ಅದು ಎಲ್ಲೆಲ್ಲಿ ಇರಬಹುದು ಅಂತ ಗುರುತು ಮಾಡಿದರೆ ಉದ್ದದ ಒಂದು ಪಟ್ಟಿ ಆಗುತ್ತದೆ. ಹೆಚ್ಚೆಚ್ಚು ರಾತ್ರಿ ನೋಡಿದಷ್ಟೂ ಪಟ್ಟಿ ಚಿಕ್ಕದಾಗುತ್ತದೆ. ಭೂಮಿ ಇನ್ನೂ ಪಟ್ಟಿಯ ಒಳಗೇ ಇದ್ದಷ್ಟು ದಿನ ಶೇಕಡಾ ಲೆಕ್ಕ ಏರುತ್ತದೆ. ಇನ್ನೂ ಚಿಕ್ಕದಾಗಿ ಭೂಮಿ ಆಚೆ ಉಳಿಯಿತೋ, ದಬಕ್ಕನೆ ಇಳಿಯುತ್ತದೆ. ಏರಿದ್ದೂ ಇಳಿದದ್ದೂ ಒಂದೇ ಲೆಕ್ಕದಿಂದ. ಆ ಅಂಕಿಗಳು ನಾಸಾದ ಪುಟದಲ್ಲಿ ಎಲ್ಲರಿಗೂ ಕಾಣುವಂತೆಯೇ ಇದ್ದವು. ಮೂಲ ನೋಡಿದವರಿಗೆ ಆ ತಿಂಗಳು ನಿದ್ದೆ ಚೆನ್ನಾಗಿಯೇ ಬಂತು.

ಸಮಯ ಮುಗಿಯುತ್ತಾ ಬಂತು. ಅಂತರಿಕ್ಷ ಪ್ರವಾಸದ ಬಗ್ಗೆ ಬೇಗ ಹೇಳಿಬಿಡುತ್ತೇನೆ. 100 ಕಿಲೋಮೀಟರ್ ಎತ್ತರಕ್ಕೆ ಹಾರಿ ಹತ್ತು ಹನ್ನೊಂದು ನಿಮಿಷದಲ್ಲಿ ವಾಪಸ್ ಬರುವುದು ಒಂದು. 400 ಕಿಲೋಮೀಟರ್ ಎತ್ತರದ ನಿಲ್ದಾಣದಲ್ಲಿ, ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಾ, ತಿಂಗಳುಗಟ್ಟಲೆ ಕೆಲಸ ಮಾಡುವುದು ಇನ್ನೊಂದು. ಸುದ್ದಿಯಲ್ಲಿ ಎರಡಕ್ಕೂ ಅಂತರಿಕ್ಷ ಯಾನ ಅಂತಲೇ ಹೆಸರು. ಬೇಕೋ ಬೇಡವೋ ಅಂತ ಧಾರಾಳವಾಗಿ ಜಗಳ ಆಡಿ. ಯಾವುದರ ಬಗ್ಗೆ ಆಡುತ್ತಿದ್ದೀರಿ ಅಂತ ಮೊದಲು ನೋಡಿಕೊಳ್ಳಿ.

ಇವತ್ತೇ ಶುರುಮಾಡಬಹುದು. ಎಲ್‌ಆರ್‌ಒಸಿ ಕ್ವಿಕ್‌ಮ್ಯಾಪ್ ಅಂತ ಹುಡುಕಿ. ಆಗಲೇ ಹೇಳಿದ ನಾಸಾ ನೌಕೆಯ ಚಿತ್ರಗಳಿರುವ ಚಂದ್ರನ ನಕ್ಷೆ ತೆರೆದುಕೊಳ್ಳುತ್ತದೆ. ಅಪೊಲೋ 17 ಇಳಿದ ಜಾಗಕ್ಕೆ ಹೋಗಿ, ದೊಡ್ಡದು ಮಾಡುತ್ತಾ ಹೋಗಿ. 1972ರಲ್ಲಿ ಅಲ್ಲಿ ಇಬ್ಬರು ಓಡಾಡಿದ ಕಾಲುದಾರಿ, ಅವರ ಬಂಡಿಯ ಗಾಲಿ ಗುರುತು, ಇವತ್ತಿಗೂ ಹಾಗೇ ಇದೆ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟೇ ಇಲ್ಲ ಅನ್ನುವವರು ನಿಮ್ಮ ಗುಂಪಿನಲ್ಲಿ ಯಾರಾದರೂ ಇದ್ದೇ ಇರುತ್ತಾರೆ, ಅಲ್ವಾ? ಅವರಿಗೂ ಕಳಿಸಿ. ಸ್ಕ್ರೀನ್‌ಶಾಟ್ ಬೇಡ, ನಕ್ಷೆಯ ಲಿಂಕನ್ನೇ ಕಳಿಸಿ. ಅವರೇ ತೆರೆದು ನೋಡಲಿ.

ನಮಸ್ಕಾರ.